ಸುಣ್ಣದ ಗೆರೆಯೊಳಗಿನ ಕೊಳ

ಜೆಪ್ಪುವಿನ ನಮ್ಮ ಮನೆಯ ಹಿತ್ತಿಲಲ್ಲಿ, ಬಾವಿಗೂ ಹಲಸಿನ ಮರಕ್ಕೂ ನಡುವೆ, ಆರು ತಿಂಗಳು ಒಂದು ಸುಣ್ಣದ ಗೆರೆ ಇತ್ತು. ಉದ್ದ ಹದಿನೆಂಟು ಅಡಿ, ಅಗಲ ಹತ್ತು. ಅಷ್ಟು ಜಾಗದಲ್ಲಿ ನನ್ನ ಮಗಳಿಗೆ ಈಜಲು ಒಂದು ಕೊಳ ಆಗಬೇಕಿತ್ತು. ಕೋಳಿಗಳು ಆ ಗೆರೆಯನ್ನು ದಿನಾ ಕೆದಕಿ ಅಳಿಸುತ್ತಿದ್ದವು, ನಾನು ದಿನಾ ಅವನ್ನು ಓಡಿಸಿ ತಿರುಗಿ ಎಳೆಯುತ್ತಿದ್ದೆ. ಹಠದಲ್ಲಿ ನಾನು ಕೋಳಿಗಿಂತ ಒಂದು ಕೈ ಮೇಲೆ.

ನನ್ನ ಅಕ್ಕ ಹದಿನಾಲ್ಕನೆಯ ವಯಸ್ಸಿನಲ್ಲಿ ನೇತ್ರಾವತಿ ಹೊಳೆ ದಾಟುವ ಕಡವಿನಲ್ಲಿ ದೋಣಿ ಮಗುಚಿ ತೀರಿಹೋದಳು. ದೋಣಿಯಲ್ಲಿದ್ದ ಗಂಡಸರೆಲ್ಲ ಈಜಿ ದಡ ಸೇರಿದರು. ಅವಳಿಗೆ ಈಜು ಬರುತ್ತಿರಲಿಲ್ಲ; ಹೆಣ್ಣುಮಕ್ಕಳಿಗೆ ಅದನ್ನು ಕಲಿಸುವ ಕ್ರಮ ನಮ್ಮಲ್ಲಿ ಇರಲಿಲ್ಲ. ಆಮೇಲೆ ನಾನು ಹೊಳೆಯ ಕಡೆ ತಲೆ ಹಾಕಿಯೂ ಮಲಗಿದವಳಲ್ಲ. ಆದರೆ ನನ್ನ ಮಗಳಿಗೆ ಒಂಬತ್ತು ತುಂಬಿತು. ನೆಂಟರು ಹೊಳೆಯಾಚೆ, ಮದುವೆ ಮುಂಜಿ ಹೊಳೆಯಾಚೆ. ಅವಳನ್ನು ಎಷ್ಟು ದಿನ ಕಟ್ಟಿಹಾಕಲಿ? ಅವಳು ಈಜು ಕಲಿಯಲೇಬೇಕು, ಹೊಳೆಗೆ ಮಾತ್ರ ಇಳಿಯಬಾರದು. ಹಾಗಿದ್ದರೆ ನೀರೇ ಮನೆಗೆ ಬರಬೇಕು ಎಂದು ನಾನು ತೀರ್ಮಾನಿಸಿದೆ.

ನನ್ನ ಗಂಡ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ಕಾರ್ಖಾನೆಯ ಬಿಳಿ ದೊರೆಯ ಬಂಗಲೆಯ ಹಿಂದೆ ಅಂಥದ್ದೊಂದು ಕೊಳ ನೋಡಿದ್ದರು. ಉತ್ಸಾಹದಿಂದ ನಕ್ಷೆ ಬರೆದರು. ಆದರೆ ವರ್ಷಾನುಗಟ್ಟಲೆ ಹಂಚಿನ ನಡುವೆಯೇ ಕಳೆದ ಮನುಷ್ಯ, ಕೊಳದ ತಳಕ್ಕೂ ಹಂಚು ಹೊದಿಸುವ ಮಾಡಿನ ಹಾಗೆ ಮಧ್ಯದಲ್ಲಿ ಎತ್ತರ, ಎರಡು ಬದಿಗೆ ಇಳಿಜಾರು ಕೊಟ್ಟಿದ್ದರು.

“ಇದೆಂತ, ಕೊಳವಾ, ಮನೆಯ ಮಾಡಾ?” ಎಂದು ಕೇಳಿದೆ. ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ನಕ್ಷೆ ಸರಿಯಾಯಿತು.

ಆದರೆ ನಕ್ಷೆ ಸರಿಯಾದರೆ ಸಾಲದು. ನಮ್ಮದು ಅಳಿಯಕಟ್ಟು. ಮನೆ, ಹಿತ್ತಿಲು ತಾಯಿಯಿಂದ ಮಗಳಿಗೆ ಬರುತ್ತವೆ, ಯಜಮಾನಿಕೆ ಮಾತ್ರ ಸೋದರಮಾವನದು. ಮಾವ “ಆಗಲಿ” ಎನ್ನದೆ ಅಲ್ಲಿ ಒಂದು ಬುಟ್ಟಿ ಮಣ್ಣು ಎತ್ತುವಂತಿಲ್ಲ. ಅವರಿಗೆ ಬಂದರಿನಲ್ಲಿ ತೆಂಗಿನಕಾಯಿ ಮಂಡಿ ಇತ್ತು. ಅವರು ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ತುಂಬ ಹೊತ್ತು ನೋಡಿದರು.

“ನೋಡುವ ಮಗಾ,” ಎಂದರು.

ಮುಂದಿನ ತಿಂಗಳು ಕೇಳಿದರೆ, ಹೊಂಡ ತೋಡಿದರೆ ಬಾವಿಯ ಒರತೆ ಅತ್ತ ಹೋದೀತು, ನೋಡುವ. ಅದರ ಮುಂದಿನ ತಿಂಗಳು, ಹತ್ತಿರದಲ್ಲೇ ನಾಗನ ಕಲ್ಲು ಉಂಟು, ಬಲ್ಲವರ ಹತ್ತಿರ ಒಂದು ಮಾತು ಕೇಳಬೇಕು, ನೋಡುವ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಎದುರು ಮಾತಾಡುವಂತಿಲ್ಲವಲ್ಲ, ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಡುತ್ತಿದ್ದೆ.

ಆದರೂ ಮಾವ ಪ್ರತಿ ಭಾನುವಾರ ಬೆಳಗ್ಗೆ ತಪ್ಪದೆ ಬಂದು ಮಗಳನ್ನು ಮಂಡಿಗೆ ಕರೆದುಕೊಂಡು ಹೋಗುತ್ತಿದ್ದರು. ಮಂಡಿಯ ಹಿಂದೆಯೇ ಹೊಳೆ. “ಅವಳ ಕೈ ಬಿಡಬೇಡಿ ಮಾವ,” ಎಂದು ನಾನು ಪ್ರತಿ ಸಲ ಹೇಳುತ್ತಿದ್ದೆ. “ಇಲ್ಲ, ಬಿಡುದಿಲ್ಲ,” ಎನ್ನುತ್ತಿದ್ದರು. ಮಧ್ಯಾಹ್ನ ಅವಳು ತಲೆ ಒದ್ದೆ ಮಾಡಿಕೊಂಡು, ನಾಲ್ಕಾಳಿನ ಹಸಿವು ಹೊತ್ತು ಬರುತ್ತಿದ್ದಳು. ಕೇಳಿದರೆ, “ಅಜ್ಜ ಮೀಯಿಸಿದ್ದು, ಮೀನಿನ ವಾಸನೆ ಅಂತ,” ಎನ್ನುತ್ತಿದ್ದಳು. ಬಂದರಿನ ವಾಸನೆ ಗೊತ್ತಿದ್ದ ನಾನು ಅದನ್ನು ನಂಬಿದೆ. ಮಾವನಿಗೆ ಎಷ್ಟು ಶುಚಿ ಎಂದು ಮೆಚ್ಚಿಯೂ ಬಿಟ್ಟೆ.

ಬೇಸಗೆ ಬಂತು. ಮಳೆ ಹಿಡಿದರೆ ಮತ್ತೆ ಒಂದು ವರ್ಷ ಹೋಯಿತು. ನನಗೆ ತಡೆಯಲಾಗಲಿಲ್ಲ. “ನೀವು ಹೇಳದಿದ್ದರೆ ನಾಳೆ ನಾನೇ ಹಾರೆ ಹಿಡಿತೇನೆ ಮಾವ,” ಎಂದುಬಿಟ್ಟೆ. ಗಂಡ ಮೆಲ್ಲಗೆ ಜಗಲಿಗೆ ಜಾರಿಕೊಂಡರು. ಮಾವನಿಗೆ ಸಿಟ್ಟು ಬರಲಿಲ್ಲ.

“ಹಿಡಿ. ಅದಕ್ಕೆ ಮೊದಲು ನಾಳೆ ನಮ್ಮೊಟ್ಟಿಗೆ ಮಂಡಿಗೆ ಬಾ.”

ಭಾನುವಾರ, ದೋಣಿಗಳು ಸರಕು ಇಳಿಸುವ ಧಕ್ಕೆಯಲ್ಲಿ ಜನ ಕಡಿಮೆ. ಮಂಡಿಯ ಹಿಂಬಾಗಿಲಿನ ಮೆಟ್ಟಿಲಿಳಿದರೆ ನೀರು. ನಾನು ಬಾಗಿಲ ಚೌಕಟ್ಟು ಹಿಡಿದು ಒಳಗೇ ನಿಂತೆ. ಬಾಗಿಲ ಮೊಳೆಯಲ್ಲಿ, ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿ ಜೋಡಿ ಕಟ್ಟಿ ನೇತುಹಾಕಿತ್ತು. ನಮ್ಮೂರಿನ ಗಂಡುಮಕ್ಕಳು ಹೊಟ್ಟೆಯಡಿ ಅದನ್ನು ಕಟ್ಟಿಕೊಂಡೇ ಈಜು ಕಲಿಯುವುದು. ಅದನ್ನು ನೋಡಿದಾಗಲೂ ನನ್ನ ಮಂಡೆಗೆ ಹೋಗಲಿಲ್ಲ.

ಮಗಳು ಕಾಯಿಯ ಕಡೆ ನೋಡಲೂ ಇಲ್ಲ. ಲಂಗವನ್ನು ಕಚ್ಚೆಯಂತೆ ಬಿಗಿದು ನೀರಿಗೆ ಹಾರಿದಳು. ನಾನು ಚೌಕಟ್ಟು ಬಿಟ್ಟು ಎರಡು ಮೆಟ್ಟಿಲು ಇಳಿದೆ. ಅವಳು ಕೈ ಬೀಸುತ್ತ, ದೂರದಲ್ಲಿ ಕಟ್ಟಿದ್ದ ಸರಕಿನ ಮಂಜಿ ದೋಣಿಯವರೆಗೆ ಹೋಗಿ, ಅದರ ಹಗ್ಗ ಮುಟ್ಟಿ, ತಿರುಗಿ ಬಂದಳು. ಮೆಟ್ಟಿಲ ಹತ್ತಿರ ತಲೆ ಎತ್ತಿ ಮೂಗು ಒರೆಸಿಕೊಂಡು, “ಅಮ್ಮಾ, ಹಸಿವಾಗ್ತದೆ,” ಎಂದಳು.

ನಾನು ಆ ಮೀನಿನ ಲೋಳೆಯ ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಅತ್ತೆನೋ ನಕ್ಕೆನೋ ಗೊತ್ತಿಲ್ಲ. ಇವಳು ಮುಳುಗುವುದಿಲ್ಲ, ದೋಣಿ ಮಗುಚಿದರೂ ಇವಳು ಮನೆಗೆ ಬರುತ್ತಾಳೆ ಎಂದು ಒಂದೇ ಮಾತನ್ನು ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಹೊಟ್ಟೆತುಂಬ ಉಸಿರು ಬಂತು. ಆಮೇಲೆ ಸಿಟ್ಟು ನೆನಪಾಯಿತು.

“ನನಗೆ ಯಾಕೆ ಹೇಳಲಿಲ್ಲ ಮಾವ?”

“ಹೇಳಿದ್ರೆ ನೀನು ಬಿಡ್ತಿದ್ದಿಯಾ?”

ಮಾವ ಮೊಳೆಯಿಂದ ಆ ಜೋಡಿ ಕಾಯಿ ತೆಗೆದು, ಕೈಯಲ್ಲಿ ತಿರುಗಿಸುತ್ತ, ನೀರನ್ನೇ ನೋಡುತ್ತ ಹೇಳಿದರು.

“ನಿನ್ನ ಅಕ್ಕ ಒಮ್ಮೆ ನನ್ನ ಹತ್ತಿರ ಕೇಳಿದ್ದಳು ಮಗಾ, ನನಗೂ ಈಜು ಕಲಿಸಿ ಅಂತ. ನೋಡುವ ಅಂತ ಹೇಳಿದ್ದೆ.”

ಮನೆಗೆ ಬಂದಾಗ ಕೋಳಿಗಳು ಸುಣ್ಣದ ಗೆರೆಯನ್ನು ಕೆದಕುತ್ತಿದ್ದವು. ನಾನು ಓಡಿಸಲಿಲ್ಲ. ಮಗಳಿಗೂ ಮಾವನಿಗೂ ಊಟ ಬಡಿಸಲು ಒಳಗೆ ಹೋದೆ.