ಕುರ್ಚಿ ತಿರುಗಿಸಿದ ಡಾಕ್ಟರು

ಪೇಂಟ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಣ್ಣ ಬೆರೆಸುವ ಹೆಂಗಸನ್ನು ಎಲ್ಲರೂ ಬಣ್ಣದಮ್ಮ ಎನ್ನುತ್ತಿದ್ದರು. ಗಿರಾಕಿ ಕೆತ್ತಿ ತಂದ ಗೋಡೆಯ ಚಕ್ಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಿಳಿಗೆ ಇಷ್ಟು ಕಪ್ಪು, ಅದಕ್ಕೊಂದು ಹನಿ ಹಳದಿ ಎಂದು ಸೇರಿಸುತ್ತಾ ಹೋಗಿ, ಹಳೆಯದು ಯಾವುದು ಹೊಸದು ಯಾವುದು ಎಂದು ಗೋಡೆಗೇ ತಿಳಿಯದಂಥ ಬಣ್ಣ ತೆಗೆದುಕೊಡುತ್ತಿದ್ದಳು. ಒಂದು ವಿಷಯದಲ್ಲಿ ಮಾತ್ರ ಅವಳದು ಉಡದ ಪಟ್ಟು. ಒದ್ದೆ ಬಣ್ಣ ನೋಡಿ ಯಾರೂ ಒಪ್ಪಿಕೊಳ್ಳುವ ಹಾಗಿಲ್ಲ. ಹಲಗೆಗೆ ಬಳಿದು ಒಣಗಿಸಬೇಕು, ಬಿಸಿಲಿನಲ್ಲೊಮ್ಮೆ ದೀಪದಲ್ಲೊಮ್ಮೆ ನೋಡಬೇಕು, ಆಮೇಲೆ ಡಬ್ಬ ಮುಚ್ಚಬೇಕು. ಅವಸರದವರು ಗೊಣಗಿದರೆ, "ಗೋಡೆ ಎಲ್ಲೂ ಓಡಿಹೋಗಲ್ಲ ಸ್ವಾಮಿ, ನೀವೂ ಸ್ವಲ್ಪ ನಿಂತ್ಕೊಳ್ಳಿ" ಎನ್ನುತ್ತಿದ್ದಳು.

ಅವಳ ಗಂಡನದು ಎರಡು ಬೀದಿ ಆಚೆ ಒಂದೇ ಕುರ್ಚಿಯ ಕ್ಷೌರದಂಗಡಿ. ಅಲ್ಲಿ ಅವನ ಕತ್ತರಿಗಿಂತ ನಾಲಿಗೆ ಚುರುಕು. ಗಿರಾಕಿಯ ಬೆನ್ನ ಹಿಂದೆ ನಿಂತು, ಕನ್ನಡಿಯಲ್ಲಿರುವ ಮುಖ ನೋಡುತ್ತಾ ಅರಳು ಹುರಿದ ಹಾಗೆ ಮಾತಾಡುತ್ತಿದ್ದ. ಆದರೆ ಅದೇ ಗಿರಾಕಿ ಎದ್ದು, ತಿರುಗಿ, ಎದುರಿಗೆ ನಿಂತರೆ ಮುಗಿಯಿತು. "ಹ್ಞೂಂ", "ಬರ್ತೀರಾ", ಅಷ್ಟೇ. ಮದುವೆಯಾದ ಹೊಸತರಲ್ಲಿ ಬಣ್ಣದಮ್ಮ, ಇದೇನಪ್ಪ, ಮೂಗನನ್ನು ಕಟ್ಟಿಕೊಂಡೆನೇ ಎಂದು ಗಾಬರಿಗೊಂಡಿದ್ದಳು. ಒಂದು ದಿನ ಅವಳು ತಲೆ ಬಾಚಿಕೊಳ್ಳುತ್ತಿದ್ದಾಗ ಹಿಂದೆ ಬಂದು ನಿಂತವನು, ಕನ್ನಡಿಯಲ್ಲಿ ಅವಳನ್ನೇ ನೋಡುತ್ತಾ, "ನೀನು ನಕ್ಕರೆ ಎಡಗೆನ್ನೇಲಿ ಮಾತ್ರ ಗುಳಿ ಬೀಳುತ್ತೆ ಕಣೇ" ಎಂದು ಶುರು ಮಾಡಿ, ಒಲೆಯ ಮೇಲಿನ ಅನ್ನ ಸೀದುಹೋಗುವವರೆಗೆ ಮಾತಾಡಿದ್ದ.

ಅವನ ಅಂಗಡಿಗೊಂದು ಕಟ್ಟಳೆಯೂ ಇತ್ತು. ಕುರ್ಚಿಯಲ್ಲಿ ಕೂತು ಆಡಿದ ಮಾತು ಹೊಸ್ತಿಲು ದಾಟಬಾರದು. ಕತ್ತರಿಸಿದ ಕೂದಲಿನ ಜೊತೆಗೇ ಗುಡಿಸಿಹೋಗಬೇಕು. ಬೀದಿಯ ಅರ್ಧ ಗುಟ್ಟು ಅವನ ಹೊಟ್ಟೆಯಲ್ಲಿತ್ತು. ಹೆಂಡತಿ ಎಷ್ಟು ಪುಸಲಾಯಿಸಿದರೂ ಒಂದೇ ಒಂದು ಗುಟ್ಟು ಹೊರಬಿದ್ದಿರಲಿಲ್ಲ.

ಇಂಥವನಿಗೆ ಪ್ರೊಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾಯಿತು. ಮೂತ್ರಕೋಶದ ಬುಡದಲ್ಲಿ ಕೂತಿರುವ, ಅಕ್ರೋಟಿನ ಗಾತ್ರದ ಗ್ರಂಥಿ ಅದು. ಅದು ಸುಮ್ಮನಿದ್ದಷ್ಟು ಕಾಲ ಅದರ ಹೆಸರೂ ಯಾರಿಗೂ ಬೇಕಾಗುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ಅಂಕಿ ಏರಿತ್ತು, ಸೂಜಿ ಹಾಕಿ ಚೂರು ತೆಗೆದು ನೋಡಿದರು, ಹೌದು ಎಂದರು.

ಮೊದಲ ಆಸ್ಪತ್ರೆಯ ಡಾಕ್ಟರು ಕಂಪ್ಯೂಟರಿನ ಕಡೆಗೇ ಮುಖ ಮಾಡಿ ಕೇಳಿದರು. "ನಿಮ್ಮ ಮನೇಲಿ ಬೇರೆ ಯಾರಿಗಾದ್ರೂ ಈ ಕಾಯಿಲೆ ಇತ್ತಾ?"

"ಇಲ್ಲ."

"ಮುಂದಿನ ಗುರುವಾರ ಆಪರೇಷನ್ ಮಾಡೋಣ. ಆಗಬಹುದಾ?"

"ಹ್ಞೂಂ."

ಹೊರಗೆ ಬಂದ ಕೂಡಲೇ ಬಣ್ಣದಮ್ಮ ಗಂಡನ ತೋಳು ಹಿಡಿದಳು. "ಏನಕ್ಕೆ ಹ್ಞೂಂ ಅಂದ್ರಿ?"

"ಗುರುವಾರಕ್ಕೆ."

"ಗುರುವಾರ ಏನ್ಮಾಡ್ತಾರೆ?"

"ತೆಗೀತಾರೆ."

"ತೆಗೆದ ಮೇಲೆ ನಿಮಗೆ ಹೇಗಿರುತ್ತೆ? ಬೇರೆ ದಾರಿ ಇದೆಯಾ? ಏನಾದ್ರೂ ಕೇಳಿದ್ರಾ?"

ಅವನು ಗೋಡೆ ನೋಡಿದ. ತಿಳಿ ಹಸಿರು ಗೋಡೆ, ಎರಡನೇ ಕೋಟ್ ಸರಿಯಾಗಿ ಬಿದ್ದಿರಲಿಲ್ಲ. ಅದು ಅವಳಿಗೂ ಕಂಡಿತು.

"ಒದ್ದೆ ಬಣ್ಣಕ್ಕೆ ಹ್ಞೂಂ ಅಂದು ಬಂದಿದ್ದೀರಿ" ಎಂದಳು.

ಕ್ಯಾನ್ಸರಿಗೆ ಅವಳು ಹೆದರಿರಲಿಲ್ಲ ಎಂದಲ್ಲ. ಆದರೆ ಅದಕ್ಕಿಂತ ಆ ಹ್ಞೂಂಕಾರ ಅವಳ ಎದೆಗೆ ಚುಚ್ಚುತ್ತಿತ್ತು. ಮನಸ್ಸಿನಲ್ಲಿ ಏನೋ ಇಟ್ಟುಕೊಂಡು, ಬಾಯಿ ಬಿಡದೆ ಹೋಗಿ ಆಪರೇಷನ್ ಮೇಜಿನ ಮೇಲೆ ಮಲಗಿಬಿಡುತ್ತಾನೆ ಈ ಮನುಷ್ಯ. ಗುರುವಾರದೊಳಗೆ ಇವನ ಬಾಯಿ ಬಿಡಿಸುವ ಡಾಕ್ಟರನ್ನು ಹುಡುಕಬೇಕು.

ಸಲಹೆಗೇನೂ ಬರವಿರಲಿಲ್ಲ. ನಿವೃತ್ತ ಅಂಚೆಯವನು ಕುಂಬಳಕಾಯಿ ಬೀಜ ತಿನ್ನಲು ಹೇಳಿದ. ಬೇಕರಿಯವನು ಸೈಕಲ್ ತುಳಿಯುವುದನ್ನು ನಿಲ್ಲಿಸಲು ಹೇಳಿದ. ಇವನ ಹತ್ತಿರ ಸೈಕಲ್ಲೇ ಇರಲಿಲ್ಲ. ನಾದಿನಿ ಫೋನ್ ಮಾಡಿ, "ಅತ್ತಿಗೆ, ನಮ್ಮ ಪಕ್ಕದ ಮನೆಯವರನ್ನ ನೋಡಿದ ಡಾಕ್ಟರು ದೇವರಂಥೋರು" ಎಂದಳು. ದೇವರಂಥವರ ಆಸ್ಪತ್ರೆ ಸುಗಂಧ ಸೂಸುತ್ತಿತ್ತು, ಸೋಫಾದಲ್ಲಿ ಕೂತರೆ ಏಳುವುದಕ್ಕೆ ಇನ್ನೊಬ್ಬರು ಬೇಕು. ಅವರು ಮುಖ ನೋಡಿಯೇ ಮಾತಾಡಿದರು, ಚೆನ್ನಾಗಿ ನಕ್ಕರು ಕೂಡ. ಆದರೆ ಬಣ್ಣದಮ್ಮ ಏನು ಕೇಳಿದರೂ, "ಅದೆಲ್ಲ ನೀವು ಯಾಕಮ್ಮ ತಲೆಗೆ ಹಚ್ಕೋತೀರಾ? ನಾನಿದ್ದೀನಲ್ಲ" ಎಂಬ ಒಂದೇ ಉತ್ತರ.

ಅವರೂ ಆಪರೇಷನ್ನಿಗೆ ಒಂದು ದಿನ ಹೇಳಿದರು, ಗಂಡ ಅದಕ್ಕೂ ಹ್ಞೂಂ ಅಂದ. ಮನೆಗೆ ಬರುವಾಗ ಬಸ್ಸಿನಲ್ಲಿ ಅವಳೆಂದಳು, "ಈಗ ನಿಮಗೆ ಇಬ್ಬರು ಡಾಕ್ಟ್ರು, ಎರಡು ಆಪರೇಷನ್. ಇರೋದು ಮಾತ್ರ ಒಂದೇ ಪ್ರೊಸ್ಟೇಟು."

ಮಾರನೆಯ ದಿನ ಮನೆಗೆ ಬಣ್ಣ ಆರಿಸಲು ಒಬ್ಬ ನರ್ಸ್ ಅಂಗಡಿಗೆ ಬಂದಳು. ಹಲಗೆ ಒಣಗುವವರೆಗೆ ಕಾಯಲೇಬೇಕಲ್ಲ. ಬಣ್ಣದಮ್ಮ ಕಥೆಯೆಲ್ಲ ಹೇಳಿಕೊಂಡಳು. ನರ್ಸ್ ಯೋಚಿಸಿ, "ದೊಡ್ಡಾಸ್ಪತ್ರೆ ಹಳೇ ಕಟ್ಟಡದಲ್ಲಿ ಒಬ್ಬ ಮೇಡಂ ಇದ್ದಾರೆ. ಬೆಂಚಿಗೆ ಕಾಲಿಲ್ಲ, ಫ್ಯಾನಿಗೆ ಗಾಳಿಯಿಲ್ಲ. ಆದ್ರೆ ಒಂದೇ ಪ್ರಶ್ನೆ ಮೂರು ಸಲ ಕೇಳಿದ್ರೂ ಮುಖ ಗಂಟಿಕ್ಕಲ್ಲ" ಎಂದಳು.

"ಹೆಂಗಸು ಡಾಕ್ಟ್ರಾ!" ಎಂದು ಮನೆಯಲ್ಲಿ ಇದನ್ನು ಕೇಳಿದ ಗಂಡ ಹೌಹಾರಿದ. "ಈ ಜಾಗದ ಕಾಯಿಲೆಗಾ!"

"ಹೆರಿಗೆ ಮಾಡಿಸೋ ಗಂಡಸರಿಲ್ವಾ? ಅಂಗಿ ಹಾಕ್ಕೊಳ್ಳಿ."

ಮೇಡಮ್ಮು ಕತ್ತಿನವರೆಗೆ ಕೂದಲು ಬಿಟ್ಟಿದ್ದ ನಡುವಯಸ್ಸಿನ ಹೆಂಗಸು. ವರದಿಯನ್ನು ಪೂರ್ತಿ ಓದಿ, ತಲೆಯೆತ್ತಿ ಒಂದೊಂದಾಗಿ ಕೇಳಿದರು. ಅವನು ಒಂದೊಂದಕ್ಕೂ ಹ್ಞೂಂ ಅಂದ. ಸ್ವಲ್ಪ ಹೊತ್ತಾದ ಮೇಲೆ ಅವರು ಪೆನ್ನು ಕೆಳಗಿಟ್ಟರು.

"ನೋಡಿ, ಮೂತ್ರ ಮಾಡೋವಾಗ ಉರಿಯುತ್ತಾ ಅಂದ್ರೂ ಹ್ಞೂಂ, ಉರಿಯಲ್ವಾ ಅಂದ್ರೂ ಹ್ಞೂಂ. ನಾನು ಯಾವ ಹ್ಞೂಂ ನಂಬಲಿ?"

ಬಣ್ಣದಮ್ಮನಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಎಲ್ಲಿ ನೋಡಬೇಕೋ ತಿಳಿಯದೆ ಮೂಲೆಯ ಕೈತೊಳೆಯುವ ಬೇಸಿನ್ ಕಡೆ ನೋಡಿದಳು. ಬೇಸಿನ್ ಮೇಲೆ ಅಂಚು ಕರಿಗಟ್ಟಿದ ಒಂದು ಕನ್ನಡಿ. ಅದರಲ್ಲಿ ಗಂಡನ ಮುಖ. ಇಷ್ಟು ವರ್ಷ ಸಂಸಾರ ಮಾಡಿ ಇದು ಹೊಳೆಯಲಿಲ್ಲವಲ್ಲ ನನ್ನ ಬುದ್ಧಿಗೆ!

"ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ಮ ಕುರ್ಚೀನ ಆ ಕಡೆ ತಿರುಗಿಸ್ಕೊಂಡು ಕೂತ್ಕೋತೀರಾ?"

"ಗೋಡೆ ನೋಡ್ಕೊಂಡಾ?"

"ಕನ್ನಡಿ ನೋಡ್ಕೊಂಡು. ಇವರು ನಿಮ್ಮ ಹಿಂದೆ ನಿಂತ್ಕೋತಾರೆ. ಇವರು ಕ್ಷೌರಿಕರು ಮೇಡಂ, ಇವರ ಬಾಯಿಗೆ ಕನ್ನಡೀನೇ ಕೀಲಿಕೈ."

ಮೇಡಮ್ಮು ಇಬ್ಬರನ್ನೂ ಒಮ್ಮೆ ನೋಡಿದರು. ಆಮೇಲೆ ಗಾಲಿ ಹಚ್ಚಿದ ತಮ್ಮ ಕುರ್ಚಿಯನ್ನು ಕಿರುಗುಟ್ಟಿಸಿಕೊಂಡು ಹೋಗಿ ಬೇಸಿನ್ ಮುಂದೆ ಕೂತರು.

ಅವನು ಹಿಂದೆ ಹೋಗಿ ನಿಂತ. ಕೈ ತಾನಾಗಿ ಜೇಬಿನ ಬಾಚಣಿಗೆಗೆ ಹೋಯಿತು.

"ಎಡಗಡೆ ಅರ್ಧ ಇಂಚು ಉದ್ದ ಇದೆ ಮೇಡಂ. ಯಾರು ಕತ್ತರಿಸಿದ್ದು?"

"ನನ್ನ ತಂಗಿ."

"ಜಗಳ ಆಗಿತ್ತಾ?"

ಮೇಡಮ್ಮು ಕನ್ನಡಿಯಲ್ಲೇ ಗೊಳ್ಳೆಂದು ನಕ್ಕರು. ಕಟ್ಟೆ ಒಡೆಯಿತು. ತಾನು ಇಡೀ ದಿನ ನಿಂತು ದುಡಿಯುವವನು. ಅರ್ಧ ಮುಖ ನೊರೆ ಹಚ್ಚಿಕೊಂಡವನನ್ನು ಬಿಟ್ಟು ಓಡಬೇಕಾದೀತೆಂದು ನೀರನ್ನೇ ಕುಡಿಯುವುದಿಲ್ಲ. ಆಪರೇಷನ್ ಆದ ಮೇಲೆ ತಡೆಯಲಾಗದೆ ಒದ್ದೆಯಾಗುತ್ತದಂತೆ. "ಗಿರಾಕಿ ಕನ್ನಡೀಲಿ ನನ್ನನ್ನೂ ನೋಡ್ತಾನಲ್ಲ ಮೇಡಂ. ಆಮೇಲೆ ಇನ್ನೊಂದು... ಇವಳ ಜೊತೆ... ಗಂಡಸಿನ ವಿಷಯ..." ಬಣ್ಣದಮ್ಮ ಕಿಡ್ನಿಯ ಚಿತ್ರಪಟವನ್ನು ಬಹಳ ಶ್ರದ್ಧೆಯಿಂದ ಓದತೊಡಗಿದಳು.

ಮೇಡಮ್ಮು ಒಂದನ್ನೂ ಬಿಡದೆ ಉತ್ತರಿಸಿದರು. ಹೌದು, ಮೊದಮೊದಲು ಒದ್ದೆಯಾಗುತ್ತದೆ, ಬಹಳ ಜನರಿಗೆ ತಿಂಗಳುಗಳಲ್ಲಿ ಹತೋಟಿಗೆ ಬರುತ್ತದೆ, ಅದಕ್ಕೆ ವ್ಯಾಯಾಮವಿದೆ. ಇನ್ನೊಂದು ವಿಷಯ ನಿಧಾನ, ಪೂರ್ತಿ ಮೊದಲಿನಂತಾಗುತ್ತದೆಂದು ಮಾತು ಕೊಡಲಾರೆ, ಔಷಧಿಗಳಿವೆ. ಎಲ್ಲರಿಗೂ ಆಪರೇಷನ್ನೇ ಆಗಬೇಕೆಂದಿಲ್ಲ. ಕೆಲವರಿಗೆ ವಿಕಿರಣ ಸಾಕು, ಕೆಲವರನ್ನು ಬರೀ ಪರೀಕ್ಷಿಸುತ್ತಾ ಕಾಯಬಹುದು. "ಅದಕ್ಕೇ ಮತ್ತೆ ಕೇಳ್ತೀನಿ. ನಿಮ್ಮ ಮನೇಲಿ ಯಾರಿಗಾದ್ರೂ ಇತ್ತಾ?"

ಬಾಚಣಿಗೆ ನಿಂತಿತು.

"ಅದು ಕುರ್ಚಿ ಮಾತು ಮೇಡಂ. ಹೊರಗೆ ಹೇಳೋ ಹಾಗಿಲ್ಲ."

"ಈಗ ಕುರ್ಚೀಲಿ ಕೂತಿರೋಳು ನಾನು. ನನಗೆ ಹೇಳಿದ್ದೂ ಹೊರಗೆ ಹೋಗಲ್ಲ."

ಅವನು ಬಾಚಣಿಗೆಯನ್ನು ಜೇಬಿಗಿಟ್ಟ. "ನಮ್ಮಣ್ಣನಿಗೆ ಇದೇ ಇತ್ತು. ಐವತ್ತೆರಡಕ್ಕೇ. ಕೂದಲು ಕತ್ತರಿಸ್ಕೊಳ್ತಾ ಹೇಳಿದ, ಯಾರಿಗೂ ಹೇಳ್ಬೇಡ ಅಂದ. ಬೆನ್ನುನೋವು ಅಂತಾನೇ ಎಲ್ಲರಿಗೂ ಹೇಳ್ಕೊಂಡು ಹೋಗಿಬಿಟ್ಟ."

ಬಣ್ಣದಮ್ಮ ಚಿತ್ರಪಟದಿಂದ ತಿರುಗಿದಳು. ಭಾವನ ಬೆನ್ನಿಗೆ ಅವಳೇ ಎಷ್ಟು ಸಲ ಎಣ್ಣೆ ಕಾಯಿಸಿ ಕಳಿಸಿದ್ದಳು! ಸಿಟ್ಟು ಬರಬೇಕಿತ್ತು. ಆದರೆ ಕನ್ನಡಿಯಲ್ಲಿ ಗಂಡನ ಮುಖ ನೋಡಿದ ಮೇಲೆ ಅದು ಬರಲಿಲ್ಲ.

ಮೇಡಮ್ಮು ಕುರ್ಚಿ ತಿರುಗಿಸದೆಯೇ ಹೇಳಿದರು. "ಅಣ್ಣನಿಗಿದ್ದರೆ ಲೆಕ್ಕ ಬೇರೆ. ತೆಗೆದ ಚೂರನ್ನ ಇನ್ನೊಬ್ಬರು ನೋಡಲಿ, ಒಂದು ಸ್ಕ್ಯಾನ್ ಆಗಲಿ. ಗುರುವಾರವೇ ಆಗಬೇಕಾದ ತುರ್ತು ಇದರಲ್ಲಿಲ್ಲ. ಎಲ್ಲ ಗೊತ್ತಾದ ಮೇಲೆ ಕೂತು ತೀರ್ಮಾನ ಮಾಡೋಣ."

"ಒಣಗಲಿ ಅಂತೀರಾ" ಎಂದಳು ಬಣ್ಣದಮ್ಮ.

"ಏನು ಒಣಗಲಿ?"

"ಏನಿಲ್ಲ ಮೇಡಂ. ನೀವೇ ನಮ್ಮ ಡಾಕ್ಟ್ರು."

ಸ್ಕ್ಯಾನಿನಲ್ಲಿ, ಮೊದಲ ಸೂಜಿಗೆ ಸಿಗದ ಇನ್ನೊಂದು ಮಚ್ಚೆ ಕಂಡಿತು. ಗ್ರಂಥಿಯ ಹೊರಗೆ ಹೋಗಿರಲಿಲ್ಲ. ಕಾಯುವುದಕ್ಕಿಂತ ತೆಗೆಯುವುದೇ ಮೇಲೆಂದು ಮೂವರೂ ಕೂತು ತೀರ್ಮಾನಿಸಿದರು. ಈ ಸಲ ಅವನು ಹ್ಞೂಂ ಎನ್ನುವ ಮೊದಲು ಕನ್ನಡಿಯಲ್ಲಿ ಎಷ್ಟು ಪ್ರಶ್ನೆ ಕೇಳಿದನೆಂದರೆ, ಹೊರಗೆ ಬೆಂಚಿನಲ್ಲಿದ್ದವರು ಬಾಗಿಲು ತಟ್ಟಿದರು. ಆಪರೇಷನ್ನಿಗೆ ಮುಂಚೆಯೇ ವ್ಯಾಯಾಮ ಶುರುವಾಯಿತು: ಮೂತ್ರ ತಡೆಯುವ ಸ್ನಾಯುವನ್ನು ಬಿಗಿ ಹಿಡಿದು ಬಿಡುವುದು. ಕ್ಷೌರ ಮಾಡುತ್ತಲೇ ಮಾಡಬಹುದು, ಗಿರಾಕಿಗೆ ಸುಳಿವೂ ಸಿಗುವುದಿಲ್ಲ. ಮಾತಿನ ಮಧ್ಯೆ ಅವನು ಇದ್ದಕ್ಕಿದ್ದಂತೆ ಗಂಭೀರನಾದರೆ, ರಾಜಕೀಯ ಯೋಚಿಸುತ್ತಿದ್ದಾನೆ ಎಂದುಕೊಳ್ಳುತ್ತಿದ್ದರು.

ಆಪರೇಷನ್ ಆಗಿ, ಮೊದಲು ದಪ್ಪ ಪ್ಯಾಡು, ಆಮೇಲೆ ತೆಳು ಪ್ಯಾಡು, ಆಮೇಲೆ ಸೀನಿದಾಗ ಮಾತ್ರ ಎಂಬಲ್ಲಿಗೆ ಬಂದು, ಅವನು ಮತ್ತೆ ಕುರ್ಚಿಯ ಹಿಂದೆ ನಿಂತ. ಮೊದಲು ಕೂರಿಸಿದ್ದು ಅಣ್ಣನ ಮಗನನ್ನು. ಅಂಗಡಿಯ ಕಟ್ಟಳೆಯನ್ನು ಅವತ್ತು ಕೈಯಾರೆ ಮುರಿದು, ಅಪ್ಪನಿಗೆ ಏನಿತ್ತೆಂದು ಅವನಿಗೆ ಹೇಳಿ, ರಕ್ತ ಪರೀಕ್ಷೆಗೆ ಮೇಡಂ ಹತ್ತಿರ ಕಳಿಸಿದ.

ಈಗ ಬೇರೆಯದೇ ತೊಂದರೆ. ಐವತ್ತು ದಾಟಿದ ಯಾರು ಬಂದು ಕೂತರೂ, ಬಟ್ಟೆ ಹೊದಿಸಿ, ಕತ್ತರಿ ಎತ್ತಿ, ಕನ್ನಡಿಯಲ್ಲಿ ಕಣ್ಣಿಟ್ಟು, "ನಿಮಗೆ ಮೂತ್ರ ಸಲೀಸಾಗಿ ಹೋಗುತ್ತಾ?" ಎಂದು ಕೇಳುತ್ತಾನೆ. ಊಟದ ಬುತ್ತಿ ಕೊಡಲು ಬಂದ ಬಣ್ಣದಮ್ಮ ಬಾಗಿಲಲ್ಲೇ ನಿಂತು ನೋಡಿದಳು. ಕುರ್ಚಿಯಲ್ಲಿದ್ದ ಅಂಚೆಯವನ ಮುಖ ಸುಣ್ಣ ಬಳಿದಂತಾಗಿತ್ತು.

"ರೀ, ಕೇಳೋದು ಕೇಳಿ" ಎಂದಳು. "ಮೊದಲು ಆ ಕತ್ತರಿ ಕೆಳಗಿಡಿ."