ವಸಂತಿಯಕ್ಕನ ಒಣ ಕೈ

ಡೊಂಬಿವಲಿಯಿಂದ ಕಲ್ಯಾಣದವರೆಗೆ ಯಾವ ಕನ್ನಡದವರ ಮನೆಯಲ್ಲಿ ನಾಮಕರಣವಿರಲಿ, ಸೀಮಂತವಿರಲಿ, ಹೋಳಿಗೆಗೆ ಮಾತ್ರ ಠಾಕುರ್ಲಿಯ ವಸಂತಿಯಕ್ಕನೇ ಬರಬೇಕು. ಅವಳ ಹೋಳಿಗೆ ಬಾಯಲ್ಲಿಟ್ಟರೆ ಕರಗುತ್ತದೆ ಎಂದು ಯಾರಾದರೂ ಹೊಗಳಿದರೆ ಅವಳಿಗೆ ಸಿಟ್ಟೇ ಬರುತ್ತಿತ್ತು. "ಕರಗ್ಲಿಕ್ಕೆ ಅದೆಂತ ಪೆಪ್ಪರಮಿಂಟಾ? ಅಗಿದು ತಿನ್ನಿ, ರುಚಿ ಗೊತ್ತಾಗ್ತದೆ" ಎನ್ನುತ್ತಿದ್ದಳು. ಮಾಡಿದ ಹೋಳಿಗೆಯನ್ನು ಎಲೆಎಲೆಗೂ ತಾನೇ ಬಡಿಸಬೇಕು, ತಿನ್ನುವವರ ಮುಖ ನೋಡಬೇಕು. ಅವಳಿಗೆ ಸಲ್ಲುವ ಸಂಭಾವನೆ ಅದೇ.

ಅಂಥ ಕೈಗೇ ತುರಿಕೆ ಹತ್ತಿತು.

ಮಗಳು ಸಂಜನಾ ಶಾಲೆಗೆ ಹೋಗುತ್ತಿದ್ದ ಕಾಲ. ಮೊದಲು ಬೆರಳ ಸಂದಿಯಲ್ಲಿ ಸಣ್ಣ ಗುಳ್ಳೆ, ಆಮೇಲೆ ಅಂಗೈ ಕೆಂಪಾಗಿ, ಒಣಗಿ, ಬಿರುಕುಬಿಟ್ಟು ರಕ್ತ ಜಿನುಗುವವರೆಗೂ ಬಂತು. ತುರಿಕೆ ಎಂದರೆ ಅಂತಿಂಥದ್ದಲ್ಲ. ಬಾಗಿಲ ಮುಂದಿನ ನಾರಿನ ಕಾಲೊರಸಿಗೆ ಕೈ ತಿಕ್ಕಿದರೆ ಆ ಗಳಿಗೆ ಸ್ವರ್ಗ, ಮರುಗಳಿಗೆ ಉರಿ. ಲೋಕಲ್ ರೈಲಿನಲ್ಲಿ ಹಿಡಿಕೆ ಹಿಡಿದು ನಿಂತರೆ ಪಕ್ಕದವಳು ತನ್ನ ಕೈ ತೆಗೆದು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದಳು.

ಮದ್ದು ಹೇಳದವರಿಲ್ಲ. ಬೇವು, ಅರಸಿನ, ವಿಠ್ಠಲವಾಡಿಯ ಯಾರದೋ ಕಪ್ಪು ಪುಡಿ ಎಲ್ಲ ಆಯಿತು. ನಂಜು ಎಂದು ಬದನೆ ಬಿಟ್ಟಳು, ಹಲಸು ಬಿಟ್ಟಳು, ಪ್ರಾಣಕ್ಕೆ ಪ್ರಾಣವಾದ ಪತ್ರೊಡೆಯನ್ನೂ ಬಿಟ್ಟಳು. ಚರ್ಮದ ಕಾಯಿಲೆ ಎಂದರೆ ನಾಗದೋಷವೇ ಎಂದು ಅತ್ತೆ ರಮಾಮಣಿಯಮ್ಮ ಊರಿಗೆ ಕರೆದುಕೊಂಡು ಹೋಗಿ ಮೂಲದ ನಾಗಬನದಲ್ಲಿ ತನು ಹಾಕಿಸಿದರು. ಹಾಲೂ ಸೀಯಾಳವೂ ನಾಗನಿಗೆ ಸಂದವು, ತುರಿಕೆ ವಸಂತಿಯ ಜೊತೆ ಅದೇ ರೈಲಿನಲ್ಲಿ ಠಾಕುರ್ಲಿಗೆ ವಾಪಸು ಬಂತು.

ಗಂಡ ಪುಂಡರೀಕಾಕ್ಷ ಠಾಣೆ ಸ್ಟೇಷನ್ ಹೊರಗಿನ ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವರು. ಅವರಿಗೆ ಹೊಳೆದ ಮದ್ದು ಒಂದೇ: ಕೈ ಚೆನ್ನಾಗಿ ತೊಳಿ. ವಸಂತಿಗೂ ಅದೇ ಸರಿ ಎನಿಸಿತು. ಕೊಳಕಿನಿಂದಲೇ ಬಂದಿರಬೇಕು ಎಂದು ಡೆಟಾಲ್ ಹಾಕಿದ ಬಿಸಿನೀರಿನಲ್ಲಿ ತೊಳೆದಳು, ಮತ್ತೆ ತೊಳೆದಳು.

ಸಂಜನಾ ಕಾಲೇಜು ಸೇರಿದ ವರ್ಷ, ಡೊಂಬಿವಲಿಯಲ್ಲಿ ಬೆಂಗಳೂರಿನವರೊಬ್ಬರ ಮನೆ ನಾಮಕರಣ. ಮನೆಯೊಡತಿ ಪಂಕಜಾ ಐಟಿ ಕಂಪನಿಯವಳು, ಮಾತು ಬೆಣ್ಣೆ. ವಸಂತಿ ಹೋಳಿಗೆಯ ಬುಟ್ಟಿ ಎತ್ತಿಕೊಂಡು ಹೊರಟಾಗ ಪಂಕಜಾಳ ಕಣ್ಣು ಆ ಬಿರುಕು ಬಿಟ್ಟ ಬೆರಳ ಮೇಲೆ ಬಿತ್ತು.

"ನೀವ್ಯಾಕ್ರೀ ಒದ್ದಾಡ್ತೀರಾ? ಬಡಿಸೋದು ಹುಡುಗ್ರು ನೋಡ್ಕೋತಾರೆ. ನೀವು ಒಳಗೇ ಕೂತ್ಕೊಳ್ಳಿ."

ಬುಟ್ಟಿ ಕೈಯಿಂದ ಹೋಯಿತು. ವಸಂತಿ ಅಡುಗೆಮನೆಯ ಬಾಗಿಲ ಮರೆಯಿಂದ ಪಂಕ್ತಿ ನೋಡಿದಳು. ಸುದ್ದಿ ಅಷ್ಟರಲ್ಲೇ ಹರಡಿತ್ತೇನೋ, ಊಟ ಮುಗಿದಾಗ ಎಷ್ಟೋ ಎಲೆಗಳಲ್ಲಿ ಹೋಳಿಗೆ ಹಾಕಿದ ಹಾಗೇ ಉಳಿದಿತ್ತು. ಅವಳು ಅಳಲಿಲ್ಲ. ಮನೆಗೆ ಬಂದು, "ಇನ್ನು ನಾನು ಹೋಳಿಗೆ ಮಾಡುದಿಲ್ಲ" ಎಂದಳು. ಮನೆಯವರಿಗೆ ಅಳುವಿಗಿಂತ ಈ ಮಾತು ಹೆಚ್ಚು ಹೆದರಿಕೆ ಹುಟ್ಟಿಸಿತು.

"ಅಮ್ಮಾ, ಬಸ್! ಕಲ್ ಡಾಕ್ಟರ್ ಕೇ ಪಾಸ್ ಜಾಯೇಂಗೇ" ಎಂದು ಸಂಜನಾ ಹಿಂದಿಯಲ್ಲೇ ತೀರ್ಪು ಕೊಟ್ಟಳು, ನಾಳೆಯೇ ಡಾಕ್ಟರ ಹತ್ತಿರ.

ಕಲ್ಯಾಣದ ಚರ್ಮದ ಡಾಕ್ಟರು ಮುಕ್ತಾ ಎಂಬ ಮರಾಠಿ ಹೆಂಗಸು. ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ, "ದಿವಸಾತ್ ಕಿತಿ ವೇಳಾ ಹಾತ್ ಧುತಾ?" ಎಂದು ಕೇಳಿದರು. ದಿನಕ್ಕೆ ಎಷ್ಟು ಸಲ ಕೈ ತೊಳೆಯುತ್ತೀರಿ? ವಸಂತಿಗೆ ಅಭಿಮಾನ ಉಕ್ಕಿತು. ತಮ್ಮ ಮನೆಯಲ್ಲಿ ಬೆಂದ ಅನ್ನ ಎಂದರೆ ಮುಸುರೆ. ಅದನ್ನು ಮುಟ್ಟಿದ ಕೈ ತೊಳೆಯದೆ ಉಪ್ಪು ಮುಟ್ಟುವಂತಿಲ್ಲ, ಮೊಸರು ಮುಟ್ಟುವಂತಿಲ್ಲ, ಬಾಗಿಲ ಚಿಲಕವನ್ನೂ ಮುಟ್ಟುವಂತಿಲ್ಲ ಎಂದು ವಿವರಿಸಿದಳು. ಸಂಜನಾ ಮರಾಠಿಗೆ ತಿರುಗಿಸಿದಳು.

ಡಾಕ್ಟರು ನಗಲಿಲ್ಲ. ಈ ಕೈಗೆ ನೀರಿನಿಂದ ಪುರುಸೊತ್ತೇ ಸಿಕ್ಕಿಲ್ಲ ಎಂದರು. ಇದು ಕೊಳಕಿನಿಂದ ಬಂದದ್ದಲ್ಲ, ಅತಿಯಾದ ನೀರು ಸೋಪಿನಿಂದ ಹೆಚ್ಚಿದ ಇಸುಬು. ಇನ್ನೊಬ್ಬರಿಗೆ ಅಂಟುವುದಿಲ್ಲ. ಪೂರ್ತಿ ಬಿಟ್ಟುಹೋಗದೆ ಇರಬಹುದು, ಆದರೆ ಹದ್ದುಬಸ್ತಿನಲ್ಲಿ ಇಡಬಹುದು. ಹೇಳಿದಷ್ಟು ದಿನ ಮುಲಾಮು, ಕೈ ಒದ್ದೆಯಾದಾಗಲೆಲ್ಲ ಒರೆಸಿ ವ್ಯಾಸಲಿನ್, ಪಾತ್ರೆ ತೊಳೆಯುವಾಗ ಹತ್ತಿಯ ಗ್ಲೌಸಿನ ಮೇಲೆ ರಬ್ಬರಿನದು.

'ಅಂಟುವುದಿಲ್ಲ' ಎಂಬ ಮಾತನ್ನು ವಸಂತಿ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು.

ಮುಲಾಮು ಹಚ್ಚುವುದು ಸುಲಭ, ಮನೆಯ ಮಡಿ ಬದಲಿಸುವುದು ಕಷ್ಟ. ಮುಸುರೆ ಬಿಡಲು ಅವಳಿಗೇ ಮನಸ್ಸಿಲ್ಲ. ಕಡೆಗೆ ಉಪಾಯ ಅವಳದೇ: ಅನ್ನವನ್ನು ಕೈಯಿಂದ ಮುಟ್ಟಿದರೆ ತಾನೇ ತೊಳೆಯುವ ಮಾತು? ಪಾತ್ರೆಗೊಂದು ಸೌಟು, ಮುಚ್ಚಳಕ್ಕೊಂದು ಬಟ್ಟೆ, ಕೆಳಗಿಳಿಸಲು ಇಕ್ಕಳ. ಮುಸುರೆ ಪಾತ್ರೆ ತೊಳೆಯುವ ಕೆಲಸ ಪುಂಡರೀಕಾಕ್ಷರ ಪಾಲಿಗೆ ಬಂತು. ಹೋಟೆಲಿನಲ್ಲಿ ಕೂತಲ್ಲಿಂದಲೇ ಹುಕುಂ ಮಾಡುವ ಆಸಾಮಿ ಮನೆಯಲ್ಲಿ ತೋಳು ಮಡಚಿ ಸಿಂಕಿನ ಮುಂದೆ ನಿಂತರು!

"ವ್ಯಾಸಲಿನ್ ಹಚ್ಚಿದ ಕೈಯ ಅಡುಗೆ ನಂಗೆ ಬೇಡ" ಎಂದು ರಮಾಮಣಿಯಮ್ಮ ಕೆಲವು ದಿನ ಬರೀ ಅವಲಕ್ಕಿ ತಿಂದರು. ಸೊಸೆ ಎದುರಾಡಲಿಲ್ಲ, ಸೋಲಲೂ ಇಲ್ಲ. ಅವಲಕ್ಕಿಗೆ ಒಗ್ಗರಣೆ ಹಾಕಿ ಕೊಟ್ಟಳು, ಅದೂ ಸೌಟಿನಲ್ಲೇ. ಒಂದು ಮಧ್ಯಾಹ್ನ ಮಲಗಿದ್ದ ಮುದುಕಿ ಎದ್ದು ಕೂತರು. ವರ್ಷಗಟ್ಟಲೆ ಪಕ್ಕದ ಚಾಪೆಯಿಂದ ಕೇಳುತ್ತಿದ್ದ ಕರಕರ ಸದ್ದು ಇರಲಿಲ್ಲ. ವಸಂತಿ ಅಂಗೈ ಬಿಚ್ಚಿಟ್ಟು ಮಗುವಿನ ಹಾಗೆ ನಿದ್ದೆ ಹೋಗಿದ್ದಳು. ಅಂದು ಸಂಜೆ ಅತ್ತೆ ಸುಮ್ಮನೆ ಮಣೆ ಹಾಕಿಕೊಂಡು ಕೂತು, "ಅನ್ನ ಹಾಕು" ಎಂದರು.

ನಡುವೆ ಒಂದು ಚೌತಿಯ ಗಡಿಬಿಡಿಯಲ್ಲಿ ಗ್ಲೌಸು ಮರೆತು ಗುಳ್ಳೆ ಮತ್ತೆ ಎದ್ದದ್ದುಂಟು. ಈ ಸಲ ಅವಳು ಹೆದರಲಿಲ್ಲ, ಶತ್ರುವಿನ ಗುಟ್ಟು ಗೊತ್ತಿತ್ತಲ್ಲ.

ಇಷ್ಟೆಲ್ಲ ಆಗಿ ಸಂಜನಾಳ ನಿಶ್ಚಿತಾರ್ಥ ಬಂದದ್ದು 2014ರಲ್ಲಿ, ಡೊಂಬಿವಲಿಯ ಹಾಲ್‌ನಲ್ಲಿ. ವಸಂತಿ ಸೆರಗು ಬಿಗಿದು ಸೌಟಿನಲ್ಲಿ ಅನ್ನ ಬಡಿಸಿದಳು, ಆಮೇಲೆ, ಶಪಥ ಮುರಿದು ತಾನೇ ಮಾಡಿದ ಹೋಳಿಗೆಯ ಬುಟ್ಟಿ ಎತ್ತಿಕೊಂಡಳು. ಪಂಕಜಾಳೂ ಬಂದಿದ್ದಳು, ಎಲೆಗೆ ಬಿದ್ದ ಹೋಳಿಗೆ ಮುಗಿಸಿ, "ಇನ್ನೊಂದು ಹಾಕ್ರೀ" ಎಂದು ತಾನೇ ಕೇಳಿದಳು. ಆದರೆ ರಮಾಮಣಿಯಮ್ಮನ ಪಕ್ಕ ಕೂತಿದ್ದ ಅವರ ನಾದಿನಿ, ಘಣಸೋಲಿಯ ಮುದುಕಿ, ಎಲ್ಲರಿಗೂ ಕೇಳುವ ಹಾಗೆ ಅಂದರು:

"ಎಂತ ಅತ್ತಿಗೆ ಇದು? ಅನ್ನ ಬಡಿಸಿದ ಕೈ ತೊಳೀದೆ ಹೋಳಿಗೆ ತಂದಳಲ್ಲ ನಿಮ್ಮ ಸೊಸೆ! ಮೊದಲೇ ಕಜ್ಜಿ ಕೈ."

ಎಲ್ಲರ ಕಣ್ಣೂ ಬುಟ್ಟಿ ಹಿಡಿದ ಕೈ ಮೇಲೆ ಬಿತ್ತು. ವಸಂತಿ ನಿಂತಲ್ಲೇ ನಿಂತಳು.

ರಮಾಮಣಿಯಮ್ಮ ತಲೆ ಎತ್ತಿದರು. "ಅನ್ನ ಮುಟ್ಟಿದ್ದು ಸೌಟು ಮಾರಾಯ್ತಿ, ಅವಳ ಕೈ ಅಲ್ಲ. ಆ ಕೈ ಸರಿ ಮಾಡ್ಲಿಕ್ಕೆ ಅವಳು ಪಟ್ಟ ಪಾಡು ನಾನು ಕಂಡಿದ್ದೇನೆ. ಹೆಚ್ಚು ನೀರು ಮುಟ್ಟಿಸ್ಬಾರ್ದು ಅದಕ್ಕೆ. ನಿಂಗೆ ಬೇಡದಿದ್ರೆ ಬಿಡು. ವಸಂತೀ, ಅವಳ ಪಾಲಿನದ್ದೂ ನನ್ನ ಎಲೆಗೇ ಹಾಕು."

ವಸಂತಿ ಅತ್ತೆಯ ಎಲೆಗೆ ಎರಡು ಹೋಳಿಗೆ ಹಾಕಿದಳು. ಕಣ್ಣು ತುಂಬಿ ಕೆನ್ನೆಗೆ ಇಳಿಯಿತು. ಒರೆಸಿದರೆ ಮತ್ತೆ ಕೈ ತೊಳೆಯಬೇಕಾದೀತು. ಹರಿಯಲಿ ಎಂದು ಬಿಟ್ಟು, ಬುಟ್ಟಿ ಹಿಡಿದು ಮುಂದಿನ ಎಲೆಗೆ ಹೋದಳು.