ಆಗಸ್ಟಿನ್‌ನ ಅನುಮತಿ

ಆಗಸ್ಟಿನ್ ತೀರಿಕೊಂಡು ಮೂರು ತಿಂಗಳಾದರೂ ಕುವೈತಿನ ಸಾಲ್ಮಿಯಾದ ಆ ಫ್ಲಾಟಿನಲ್ಲಿ ಅವನ ಮಾತೇ ನಡೆಯುತ್ತಿತ್ತು. ಎಸಿ ಎಷ್ಟರಲ್ಲಿರಬೇಕು, ಕಿಟಕಿ ಯಾವಾಗ ಮುಚ್ಚಬೇಕು, ಎಲ್ಲವೂ ಅವನು ಹೇಳಿಹೋದಂತೆಯೇ. ಅವನ ಕುರ್ಚಿಯಲ್ಲಿ ಕೂತರೆ ಹೆಂಡತಿ ಆಲಿವ್ ಈಗಲೂ ತುದಿಯಲ್ಲೇ ಕೂರುತ್ತಿದ್ದಳು.

ಉಡುಪಿ ಕಡೆಯಿಂದ ಮದುವೆಯಾಗಿ ಕುವೈತಿಗೆ ಬಂದಾಗ ಅವಳು ಬಿ.ಕಾಂ. ಮುಗಿಸಿದ ಹುಡುಗಿ. "ನಾನಿರುವಾಗ ನಿಂಗ್ಯಾಕೆ ಕೆಲಸ?" ಎಂದಿದ್ದ ಆಗಸ್ಟಿನ್. ಪ್ರೀತಿಯಿಂದಲೇ ಎಂದಿದ್ದ, ಇಲ್ಲವೆನ್ನಲಾಗದು. ಆದರೆ ಪ್ರೀತಿ ಬೇರೆ, ಇಕಾಮಾ ಬೇರೆ. ಅವಳ ಇಕಾಮಾ, ಅಂದರೆ ಈ ದೇಶದಲ್ಲಿರಲು ಪರವಾನಗಿ, ನಿಂತಿದ್ದು ಅವನ ಹೆಸರಿನ ಮೇಲೆ, ಈಗ ಅವನೇ ಇಲ್ಲ. ಫಿಂಟಾಸಿನ ಒಂದು ಕ್ಲಿನಿಕ್ಕಿನವರು ಕೆಲಸ ಕೊಟ್ಟು ಹೊಸ ಇಕಾಮಾ ಮಾಡಿಸಲು ಒಪ್ಪಿದ್ದರು, ಆಫೀಸ್ ಸಾಫ್ಟ್‌ವೇರ್ ಬಳಸಲು ಬಂದರೆ. ಭಾನುವಾರ ಪರೀಕ್ಷೆ. ಅದು ತಪ್ಪಿದರೆ ಗಂಟುಮೂಟೆ ಕಟ್ಟಬೇಕು.

ಅಭ್ಯಾಸಕ್ಕೆಂದು ಆಗಸ್ಟಿನ್‌ನ ಕಂಪ್ಯೂಟರಿಗೆ ಆ ಸಾಫ್ಟ್‌ವೇರಿನ ಸಿ.ಡಿ. ಹಾಕಿದರೆ ಪ್ರತಿ ಸಲವೂ ಟಣ್ ಎಂಬ ಸದ್ದು. ನಿಮಗೆ ಅನುಮತಿಯಿಲ್ಲ ಎಂಬ ಸಾಲು. ಕೆಳಗೆ ಆಗಸ್ಟಿನ್‌ನ ಹೆಸರು, ಪಾಸ್‌ವರ್ಡಿಗೆ ಖಾಲಿ ಜಾಗ. ಮದುವೆಯ ತಾರೀಕು ಹಾಕಿದಳು, ಟಣ್. ಅತ್ತೆಯ ಹೆಸರು ಹಾಕಿದಳು, ಟಣ್. ಅದು ಅವನ "ಬೇಡ" ಎಂಬ ದನಿಯಲ್ಲೇ ಕೇಳಿಸತೊಡಗಿದಾಗ ಆಲಿವ್ ನಿಜಕ್ಕೂ ಹೆದರಿದಳು. ಮಾನಿಟರಿಗೆ ಬೈರಾಸು ಹೊದಿಸಿ ಜಪಸರ ಹಿಡಿದು ಕೂತಳು.

ಮರುದಿನ ಹವಲ್ಲಿಯ ಕಂಪ್ಯೂಟರ್ ಅಂಗಡಿಯಿಂದ ದೇಜಪ್ಪ ಬಂದ.

"ದೇಜಪ್ಪಣ್ಣ, ಅವ್ರಿಗೆ ಇಷ್ಟ ಇಲ್ಲ ಅಂತ ಕಾಣ್ತದೆ."

"ಎಂತ ಇಷ್ಟ ಬಾಯಮ್ಮ? ಇದ್ರ ಅಡ್ಮಿನ್ ಆಗಸ್ಟಿನ್ ಪೊರ್ಬುಗಳು. ನಿಮ್ದು ಅವರ ಕೈಕೆಳಗಿನ ಖಾತೆ. ನಮ್ಗೆ ವೀಸಾ ಕೊಡುವ ಧಣಿ ಇದ್ದ ಹಾಗೆ ಕಂಪ್ಯೂಟರಿಗೂ ಒಬ್ಬ ಕಫೀಲ್ ಉಂಟು ಅಂತ ತಿಳ್ಕೊಳ್ಳಿ."

ಅವನು ಕಂಪ್ಯೂಟರ್ ಆರಿಸಿ ಸೇಫ್ ಮೋಡಿನಲ್ಲಿ ಹಚ್ಚಿದ. ಕಪ್ಪು ಪರದೆಯಲ್ಲಿ, ಎಂದೂ ಕಾಣದ ಇನ್ನೊಂದು ಅಡ್ಮಿನ್ ಖಾತೆ ಮೇಲೆದ್ದಿತು. "ಇದಕ್ಕೆ ಬೀಗವೇ ಇಲ್ಲ. ಪೊರ್ಬುಗಳು ಮರೆತಿದ್ದಾರೆ." ಮರೆತದ್ದೋ, ಅವಳಿಗೆಂದು ಬಿಟ್ಟದ್ದೋ? ಆಲಿವ್ ಪರದೆಯ ಹತ್ತಿರಕ್ಕೆ ಬಾಗಿದಳು. ಆ ಖಾತೆಯಿಂದಲೇ ದೇಜಪ್ಪ ಅವಳನ್ನೂ ಅಡ್ಮಿನ್ ಮಾಡಿ, ಮತ್ತೆ ಮಾಮೂಲಿಯಂತೆ ಹಚ್ಚಿ ಸಿ.ಡಿ. ಹಾಕಿದ. ಈ ಸಲ ಟಣ್ ಎನ್ನಲಿಲ್ಲ.

ಕೊನೆಗೆ ಅದು ಹೆಸರು ಕೇಳಿತು. ದೇಜಪ್ಪ ಪಕ್ಕಕ್ಕೆ ಸರಿದು ನಿಂತ, ಆಲಿವ್ ಆಗಸ್ಟಿನ್‌ನ ಕುರ್ಚಿಯ ತುದಿಯಲ್ಲಿ ಕೂತಳು. ಆಲಿವ್‌ನ ಬೆರಳು ತಾನಾಗಿಯೇ ಆಗಸ್ಟಿನ್ ಎಂದು ಒತ್ತಿತು. ಈ ದೇಶದಲ್ಲಿ ಯಾವ ಅರ್ಜಿಯಲ್ಲೂ ಅವಳು ಮೊದಲು ಬರೆದದ್ದು ಅದನ್ನೇ.

"ಅಲ್ಲಿ ನಿಮ್ಮ ಹೆಸರು, ಬಾಯಮ್ಮ."

ಒಂದೊಂದೇ ಅಕ್ಷರ ಅಳಿಸುವಾಗ ಬೆನ್ನ ಹಿಂದೆ ಯಾರೋ ನಿಂತಂತಾಯಿತು. ಅವಳು ತಿರುಗಿ ನೋಡಲಿಲ್ಲ. ಆಲಿವ್ ಎಂದು ಒತ್ತಿದಳು.

"ಪೊರ್ಬುಗಳ ಖಾತೆ ತೆಗಿಲಾ?" ದೇಜಪ್ಪ ಮೆಲ್ಲಗೆ ಕೇಳಿದ.

ಅವಳು ಕುರ್ಚಿಯಲ್ಲಿ ಹಿಂದಕ್ಕೆ ಸರಿದು, ಪೂರ್ತಿ ಒರಗಿ ಕೂತಳು.

"ಬೇಡ, ಅವ್ರು ಇಲ್ಲೇ ಇರ್ಲಿ. ಅಡ್ಮಿನ್ ಮಾತ್ರ ಬೇಡ. ಏನಾದ್ರೂ ಬೇಕಾದ್ರೆ ಇನ್ನು ನನ್ನ ಹತ್ರ ಕೇಳ್ಲಿ."